ಮನೇಲೇ ಫೋಟೋ ಪ್ರಿಂಟ್: ಪೇಪರ್ ಸೆಟ್ಟಿಂಗು, ಕಲರ್ ಪ್ರೊಫೈಲು ಸರಿಯಾಗಿ ಆರಿಸ್ಕೊಳ್ಳೋದು ಹೇಗೆ

ನಮ್ಮ ಅಜ್ಜಿ ಫೋಟೋ ಒಂದನ್ನ ಎ4 ಸೈಜಲ್ಲಿ ಪ್ರಿಂಟ್ ಹಾಕಿದ್ದೆ. ಸ್ಕ್ರೀನಲ್ಲಿ ಕೂದಲು ಬೆಳ್ಳಿ ಥರ ಇತ್ತು, ಪ್ರಿಂಟರಿಂದ ಹೊರಗೆ ಬಂದ ಹಾಳೇಲಿ ಅದೇ ಕೂದಲು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಮುಖ ಎಲ್ಲಾ ಕೆಂಪಡರಿದ ಹಾಗೆ, ನೆರಳಿರೋ ಕಡೆ ಬರೀ ಕಪ್ಪು. ಇಂಕ್ ಕಟ್ಟಿಕೊಂಡಿರ್ಬೇಕು ಅಂತ ಮೂರು ಸಲ ಹೆಡ್ (ಇಂಕ್ ಚಿಮ್ಮಿಸೋ ಭಾಗ) ಕ್ಲೀನಿಂಗ್ ಮಾಡಿದೆ, ಆಮೇಲೆ ಫೋಟೋದಲ್ಲೇ ಕೆಂಪು ಇಳಿಸಿ ಮತ್ತೆ ಹಾಕಿದೆ, ಆಗ ಕೂದಲು ಸರಿಹೋಯ್ತು ಆದ್ರೆ ಹಿಂದಿದ್ದ ಗೋಡೆ ಹಸಿರಾಯ್ತು. ಆರು ಹಾಳೆ ಹೋದ್ಮೇಲೆ ಗೊತ್ತಾಯ್ತು, ತಪ್ಪು ಫೋಟೋದಲ್ಲೂ ಇಲ್ಲ ಇಂಕಲ್ಲೂ ಇಲ್ಲ. ಬಣ್ಣ ಸರಿಮಾಡೋ ಕೆಲಸಾನ ಎಡಿಟಿಂಗ್ ಸಾಫ್ಟ್‌ವೇರೂ ಮಾಡ್ತಿತ್ತು, ಪ್ರಿಂಟರ್ ಡ್ರೈವರೂ (ಕಂಪ್ಯೂಟರಲ್ಲಿ ಪ್ರಿಂಟರನ್ನ ನಡೆಸೋ ಸಾಫ್ಟ್‌ವೇರು) ಮಾಡ್ತಿತ್ತು, ಒಂದರ ಮೇಲೊಂದು.

ಅಲ್ಲಿಂದ ಇಲ್ಲೀವರೆಗೆ ಮನೇಲಿ ಪ್ರಿಂಟ್ ಹಾಕಿ ಹಾಕಿ ನಾನು ಕಂಡುಕೊಂಡಿದ್ದು ಇಷ್ಟೇ. ಪ್ರಿಂಟ್ ಕೆಡೋದು ಬಹುಪಾಲು ಎರಡೇ ಜಾಗದಲ್ಲಿ. ಒಂದು, ಟ್ರೇನಲ್ಲಿ ಯಾವ ಪೇಪರ್ ಇದೆ ಅಂತ ಪ್ರಿಂಟರಿಗೆ ತಪ್ಪು ಹೇಳಿರ್ತೀವಿ. ಇನ್ನೊಂದು, ಬಣ್ಣದ ಯಜಮಾನಿಕೆ ಯಾರದ್ದು ಅಂತ ತೀರ್ಮಾನ ಮಾಡಿರಲ್ಲ. ಇವೆರಡು ಸರಿಯಿದ್ರೆ ಸಾಮಾನ್ಯ ಪ್ರಿಂಟರಲ್ಲೂ ಗೋಡೆಗೆ ಹಾಕೋ ಥರದ ಫೋಟೋ ಬರತ್ತೆ, ನಿಜವಾಗ್ಲೂ. ಹೊಸ ಪ್ರಿಂಟರ್ ತಗೊಳ್ಳೋ ಯೋಚನೆ ಇದ್ರೆ ಅದಕ್ಕೂ ಮುಂಚೆ ಇದನ್ನೊಂದ್ಸಲ ಮಾಡಿ ನೋಡಿ.

1. ಪ್ರಿಂಟರಲ್ಲಿ ಯಾವ ಇಂಕ್ ಇದೆ ತಿಳ್ಕೊಳ್ಳಿ

ಇಂಕ್‌ಜೆಟ್ ಇಂಕಲ್ಲಿ ಎರಡು ಜಾತಿ, ಡೈ ಮತ್ತು ಪಿಗ್ಮೆಂಟ್. ಡೈ ಅಂದ್ರೆ ನೀರಲ್ಲಿ ಪೂರ್ತಿ ಕರಗಿರೋ ಬಣ್ಣ, ಪೇಪರ್ ಒಳಗೆ ಇಳಿಯತ್ತೆ, ಗ್ಲಾಸಿ ಮೇಲೆ ತುಂಬ ಹೊಳಪಾಗಿ ಕಾಣತ್ತೆ. ಪಿಗ್ಮೆಂಟ್ ಅಂದ್ರೆ ನುಣ್ಣನೆ ಬಣ್ಣದ ಕಣಗಳು, ಮೇಲ್ಮೈ ಮೇಲೇ ಕೂರತ್ತೆ, ಬೆಳಕಿಗೆ ಬೇಗ ಮಾಸಲ್ಲ. ಮನೆ ಬಳಕೆಯ ಎಷ್ಟೋ ಟ್ಯಾಂಕ್ ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟು, ಉಳಿದ ಮೂರು ಬಣ್ಣ ಡೈ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಪೇಪರ್ ಸೆಟ್ಟಿಂಗ್ ಬಂದಾಗ ಇದೇ ಮುಖ್ಯ ಆಗತ್ತೆ.

ಶುರು ಮಾಡೋ ಮುಂಚೆ ಒಂದು ನಾಝಲ್ ಚೆಕ್ (ಇಂಕ್ ಬರೋ ತೂತುಗಳೆಲ್ಲಾ ತೆರೆದಿವೆಯಾ ಅಂತ ತೋರಿಸೋ ಗೆರೆಗಳ ಪ್ರಿಂಟ್) ತೆಗೀರಿ, ಸಾದಾ ಹಾಳೇಲೇ ಸಾಕು. ಗೆರೆಗಳು ಎಲ್ಲಾದ್ರೂ ತುಂಡಾಗಿದ್ರೆ ಒಂದ್ಸಲ ಕ್ಲೀನಿಂಗ್ ಕೊಟ್ಟು ಮತ್ತೆ ನೋಡಿ. ಒಂದು ಬಣ್ಣ ಸರಿಯಾಗಿ ಬೀಳ್ತಿಲ್ಲ ಅಂದ್ರೆ ಯಾವ ಕಲರ್ ಪ್ರೊಫೈಲೂ (ಅದೇನು ಅಂತ ನಾಲ್ಕನೇ ಹಂತದಲ್ಲಿದೆ) ಕಾಪಾಡಲ್ಲ. ಗೆರೆ ಎಲ್ಲಾ ಸರಿಯಿದ್ರೆ ಸುಮ್ನೆ ಕ್ಲೀನಿಂಗ್ ಮಾಡ್ಬೇಡಿ, ಇಂಕ್ ಹೋಗೋದಷ್ಟೇ.

2. ಪೇಪರ್ ಆರಿಸೋದು

ಗ್ಲಾಸಿಲಿ ಕಪ್ಪು ಆಳವಾಗಿ ಬರತ್ತೆ, ಬಣ್ಣ ಎದ್ದು ಕಾಣತ್ತೆ, ಆದ್ರೆ ಬೆರಳಚ್ಚು ಬೀಳತ್ತೆ, ಕಿಟಕಿ ಎದುರು ಇಟ್ರೆ ಫೋಟೋಗಿಂತ ಕಿಟಕೀನೇ ಜಾಸ್ತಿ ಕಾಣತ್ತೆ. ಲಸ್ಟರ್ ಅಥವಾ ಸೆಮಿ ಗ್ಲಾಸ್ ಅನ್ನೋದಕ್ಕೆ ಸಣ್ಣ ತರಿತರಿ ಮೇಲ್ಮೈ ಇರತ್ತೆ, ಪ್ರತಿಫಲನ ಕಮ್ಮಿ, ಬಣ್ಣಾನೂ ಹೆಚ್ಚುಕಮ್ಮಿ ಗ್ಲಾಸಿಯಷ್ಟೇ. ಯಾವುದು ತಗೋಬೇಕು ಅಂತ ಗೊಂದಲ ಇದ್ರೆ ಲಸ್ಟರ್ ತಗೊಳ್ಳಿ, ನಾನು ಹತ್ತರಲ್ಲಿ ಏಳು ಫೋಟೋ ಅದರಲ್ಲೇ ಹಾಕೋದು. ಮ್ಯಾಟಲ್ಲಿ ಕಪ್ಪು ಅಷ್ಟು ಗಾಢ ಆಗಲ್ಲ, ಕಾಂಟ್ರಾಸ್ಟ್ ಸ್ವಲ್ಪ ಇಳಿಯತ್ತೆ, ಆದ್ರೆ ಮಂಜು, ಹಳೇ ಮನೆ, ಕಪ್ಪು ಬಿಳುಪಿನ ಮುಖಚಿತ್ರ ಇಂಥವಕ್ಕೆ ಅದರ ಶಾಂತಿ ಬೇರೇನೇ. ಹತ್ತಿಯಿಂದ ಮಾಡಿದ ಫೈನ್ ಆರ್ಟ್ ಪೇಪರುಗಳೂ ಇವೆ, ಅವು ಪಿಗ್ಮೆಂಟ್ ಇಂಕಿದ್ರೇನೇ ಚೆನ್ನ.

ಪೇಪರಿನ ತೂಕ ಜಿಎಸ್‌ಎಂ, ಅಂದ್ರೆ ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನೋ ಲೆಕ್ಕದಲ್ಲಿ ಬರೆದಿರ್ತಾರೆ. ಸಾದಾ ಕಾಪಿ ಪೇಪರ್ 75-80, ಫೋಟೋ ಪೇಪರ್ ಸಾಮಾನ್ಯವಾಗಿ 180ರಿಂದ 300. ಜಿಎಸ್‌ಎಂ ಜಾಸ್ತಿ ಅಂದ್ರೆ ದಪ್ಪ ಅಷ್ಟೇ, ಬಣ್ಣ ಚೆನ್ನಾಗಿ ಬರತ್ತೆ ಅಂತ ಅರ್ಥ ಅಲ್ಲ, ಬಣ್ಣ ಹಿಡಿಯೋದು ಮೇಲಿನ ಲೇಪನ. ನಿಮ್ಮ ಪ್ರಿಂಟರ್ ಎಷ್ಟು ದಪ್ಪ ತಗೊಳ್ಳತ್ತೆ ಅಂತ ಮ್ಯಾನ್ಯುಯಲಲ್ಲಿ ನೋಡಿ, ದಪ್ಪ ಹಾಳೇನ ಸಾಧ್ಯ ಆದ್ರೆ ಹಿಂದಿನ ಟ್ರೇಯಿಂದ ಕೊಡಿ, ಮುಂದಿನ ಟ್ರೇನಲ್ಲಿ ಹಾಳೆ ಒಳಗೆ ಸುತ್ತಿಕೊಂಡು ಬರ್ಬೇಕು, ದಪ್ಪದ್ದು ಅಲ್ಲೇ ಸಿಕ್ಕಿಕೊಳ್ಳತ್ತೆ.

ಒಂದು ಎಚ್ಚರಿಕೆ, ಇಂಕ್‌ಜೆಟ್‌ಗೆ ಅಂತ ಇರೋ ಗ್ಲಾಸಿ ಪೇಪರನ್ನ ಲೇಸರ್ ಪ್ರಿಂಟರಿಗೆ ಹಾಕ್ಲೇಬೇಡಿ. ಒಳಗಿನ ಶಾಖಕ್ಕೆ ಲೇಪನ ಕರಗಿ ಫ್ಯೂಸರಿಗೆ (ಬಿಸಿ ಮಾಡಿ ಟೋನರ್ ಅಂಟಿಸೋ ಭಾಗ) ಅಂಟಿಕೊಳ್ಳತ್ತೆ.

ಮ್ಯಾಟ್ ಪೇಪರಲ್ಲಿ ಯಾವ ಬದಿ ಲೇಪನ ಇರೋದು ಅಂತ ಕಣ್ಣಿಗೆ ಗೊತ್ತಾಗಲ್ಲ. ಬೆರಳ ತುದೀನ ಒಂಚೂರು ಒದ್ದೆ ಮಾಡಿ ಹಾಳೆ ಮೂಲೇಲಿ ಒತ್ತಿ, ಯಾವ ಬದಿ ಬೆರಳಿಗೆ ಸ್ವಲ್ಪ ಅಂಟತ್ತೋ ಅದೇ ಪ್ರಿಂಟ್ ಬದಿ. ಆಮೇಲೆ ಪ್ರಿಂಟರಿಗೆ ಮೇಲ್ಮುಖ ಇಡ್ಬೇಕೋ ಕೆಳಮುಖಾನೋ ಅನ್ನೋದು ಟ್ರೇ ಮೇಲೆ ಹೋಗತ್ತೆ, ಸಾದಾ ಹಾಳೆ ಮೇಲೆ ಪೆನ್ಸಿಲಲ್ಲಿ ಒಂದು ಗುರುತು ಮಾಡಿ ಒಂದ್ಸಲ ಓಡಿಸಿ ನೋಡಿದ್ರೆ ಜನ್ಮಕ್ಕೂ ಮರೆಯಲ್ಲ.

3. ಮೀಡಿಯಾ ಟೈಪ್ ಅನ್ನೋ ಒಂದು ಸೆಟ್ಟಿಂಗು

ಪ್ರಿಂಟ್ ಡೈಲಾಗಲ್ಲಿ ಪೇಪರ್ ಟೈಪ್ ಅಥವಾ ಮೀಡಿಯಾ ಟೈಪ್ ಅಂತ ಇರತ್ತೆ. ಇದು ಬರೀ ಹೆಸರಲ್ಲ. ನೀವು ಇಲ್ಲಿ ಏನು ಆರಿಸ್ತೀರೋ ಅದರ ಮೇಲೆ ಪ್ರಿಂಟರ್ ಎಷ್ಟು ಇಂಕ್ ಬಿಡ್ಬೇಕು, ಯಾವ ಕಪ್ಪು ಬಳಸ್ಬೇಕು, ಹೆಡ್ ಎಷ್ಟು ನಿಧಾನ ಓಡ್ಬೇಕು ಅಂತ ತೀರ್ಮಾನ ಮಾಡತ್ತೆ, ಕೆಲವು ಮಾಡೆಲ್‌ಗಳಲ್ಲಿ ಹೆಡ್ ಪೇಪರಿಂದ ಎಷ್ಟು ಮೇಲಿರ್ಬೇಕು ಅನ್ನೋದೂ ಇದರ ಮೇಲೇನೇ.

ಗ್ಲಾಸಿ ಹಾಳೆ ಹಾಕಿ ಸೆಟ್ಟಿಂಗಲ್ಲಿ ಪ್ಲೇನ್ ಪೇಪರ್ ಅಂತಲೇ ಬಿಟ್ರೆ ಏನಾಗತ್ತೆ ಅಂತ ಹತ್ತಿರದಿಂದ ನೋಡಿದೀನಿ. ಬಣ್ಣ ಎಲ್ಲಾ ತೆಳ್ಳಗೆ, ಆಕಾಶದಲ್ಲಿ ಅಡ್ಡಡ್ಡ ಗೆರೆ, ಕಪ್ಪು ಇರೋ ಜಾಗದಲ್ಲಿ ಮಾತ್ರ ಇಂಕ್ ಮೇಲೇ ನಿಂತಿರತ್ತೆ, ಅರ್ಧ ಗಂಟೆ ಬಿಟ್ಟು ಬೆರಳು ಎಳೆದ್ರೂ ಕಾಡಿಗೆ ಥರ ಬಳ್ಕೊಂಡು ಬರತ್ತೆ. ಕಾರಣ ಮೊದಲೇ ಹೇಳಿದ್ದು, ಪ್ಲೇನ್ ಅಂದಾಗ ಪ್ರಿಂಟರ್ ಪಿಗ್ಮೆಂಟ್ ಕಪ್ಪನ್ನ ಹೊರಗೆ ತೆಗೀತು, ಆ ಕಣಗಳು ಗ್ಲಾಸಿ ಲೇಪನದ ಒಳಗೆ ಇಳಿಯಲ್ಲ. ಗ್ಲಾಸಿ ಅಂತ ಸರಿಯಾಗಿ ಹೇಳಿದ್ರೆ ಅಂಥ ಪ್ರಿಂಟರುಗಳು ಆ ಕಪ್ಪನ್ನ ಪಕ್ಕಕ್ಕಿಟ್ಟು ಮೂರು ಬಣ್ಣ ಸೇರಿಸಿ ಕಪ್ಪು ಮಾಡ್ತವೆ. ಉಲ್ಟಾ ಮಾಡಿದ್ರೆ, ಅಂದ್ರೆ ಸಾದಾ ಹಾಳೆಗೆ ಗ್ಲಾಸಿ ಸೆಟ್ಟಿಂಗ್ ಕೊಟ್ರೆ, ಇಂಕ್ ಜಾಸ್ತಿಯಾಗಿ ಹಾಳೆ ನೆನೆದು ಸುಕ್ಕಾಗತ್ತೆ, ಉಬ್ಬಿದ ಜಾಗ ಹೆಡ್ಡಿಗೆ ತಗಲತ್ತೆ.

ದೊಡ್ಡ ಫೋಟೋ ಪ್ರಿಂಟರುಗಳಲ್ಲಿ ಎರಡು ಕಪ್ಪು ಇರತ್ತೆ, ಫೋಟೋ ಬ್ಲ್ಯಾಕ್ ಗ್ಲಾಸಿ ಲಸ್ಟರ್‌ಗಳಿಗೆ, ಮ್ಯಾಟ್ ಬ್ಲ್ಯಾಕ್ ಮ್ಯಾಟ್ ಹಾಳೆಗಳಿಗೆ. ಅಲ್ಲೂ ಆಯ್ಕೆ ಮಾಡೋದು ಇದೇ ಮೀಡಿಯಾ ಟೈಪು.

ಪ್ರಿಂಟರ್ ಕಂಪನೀದೇ ಪೇಪರ್ ಆದ್ರೆ ಕವರ್ ಮೇಲಿರೋ ಹೆಸರೇ ಪಟ್ಟೀಲಿ ಇರತ್ತೆ, ಅದನ್ನೇ ಒತ್ತಿ. ಬೇರೆ ಕಂಪನಿ ಪೇಪರಾದ್ರೆ ಆ ಕಂಪನೀನೇ ಯಾವ ಮೀಡಿಯಾ ಟೈಪ್ ಇಡ್ಬೇಕು ಅಂತ ಹೇಳಿರತ್ತೆ, ಕವರ್ ಒಳಗಿನ ಚೀಟೀಲೋ ಪ್ರೊಫೈಲ್ ಜೊತೆ ಬರೋ ಫೈಲಲ್ಲೋ. ಅದೂ ಇಲ್ಲ ಅಂದ್ರೆ ಮೇಲ್ಮೈ ನೋಡಿ ಹತ್ತಿರದ್ದನ್ನ ಎರಡು ಮೂರು ಟೈಪಲ್ಲಿ ಸಣ್ಣ ತುಂಡು ಪ್ರಿಂಟ್ ಹಾಕಿ. ಇಂಕ್ ಕೆರೆ ಕಟ್ಟಬಾರದು, ಗಾಢ ಬಣ್ಣಗಳು ಒಂದಕ್ಕೊಂದು ಸೋರಬಾರದು, ಅಷ್ಟರೊಳಗೆ ಯಾವುದು ಹೆಚ್ಚು ಗಾಢ ಕಪ್ಪು ಕೊಡತ್ತೋ ಅದು ನಿಮ್ಮದು.

ಇದರ ಪಕ್ಕದಲ್ಲೇ ಕ್ವಾಲಿಟಿ ಇರತ್ತೆ, ಹೈ ಸಾಕು. ಅದಕ್ಕೂ ಮೇಲಿನದ್ದಕ್ಕೂ ವ್ಯತ್ಯಾಸ ನನ್ನ ಕಣ್ಣಿಗಂತೂ ಕಾಣಲ್ಲ. ಹೈ ಸ್ಪೀಡ್ ಅಥವಾ ಬೈಡೈರೆಕ್ಷನಲ್ (ಹೆಡ್ ಹೋಗೋವಾಗ್ಲೂ ಬರೋವಾಗ್ಲೂ ಪ್ರಿಂಟ್ ಮಾಡೋದು) ಅಂತ ಟಿಕ್ ಇದ್ರೆ ಫೋಟೋಗೆ ತೆಗೆದುಬಿಡಿ. ಫೋಟೋ ಎನ್‌ಹ್ಯಾನ್ಸ್, ಆಟೋ ಫಿಕ್ಸ್ ಇಂಥವೆಲ್ಲಾ ಆಫ್, ಅವು ಪ್ರತಿ ಫೋಟೋನೂ ತಮಗೆ ತೋಚಿದ ಹಾಗೆ ಬದಲಾಯಿಸ್ತವೆ, ಆಮೇಲೆ ನಿಮಗೆ ಏನು ಎಲ್ಲಿ ತಪ್ಪಾಯ್ತು ಅಂತ ಹುಡುಕೋಕೇ ಆಗಲ್ಲ.

4. ಪ್ರೊಫೈಲ್ ಅಂದ್ರೆ ಏನು

ಫೋಟೋ ಫೈಲಲ್ಲಿ ಇರೋದು ಬರೀ ಸಂಖ್ಯೆ. ಕೆಂಪು 200, ಹಸಿರು 120, ನೀಲಿ 90 ಅಂತ. ಆ ಸಂಖ್ಯೆಗೆ ನಿಮ್ಮ ಮಾನಿಟರಲ್ಲಿ ಒಂದು ಬಣ್ಣ, ಪಕ್ಕದ ಫೋನಲ್ಲಿ ಒಂದು ಬಣ್ಣ, ಪ್ರಿಂಟರಲ್ಲಿ ಇನ್ನೊಂದು. ಯಾವ ಸಂಖ್ಯೆ ಅಂದ್ರೆ ನಿಜವಾಗಿ ಯಾವ ಬಣ್ಣ ಅಂತ ಹೇಳೋ ನಿಘಂಟು ಥರದ್ದೇ ಪ್ರೊಫೈಲು. ಇದಕ್ಕೆ ಎಲ್ಲರೂ ಒಪ್ಪೋ ಒಂದು ಮಾದರಿ ಬೇಕು ಅಂತ 1993ರಲ್ಲಿ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಟಿಯಂ ಹುಟ್ಟಿತು, ಐಸಿಸಿ ಪ್ರೊಫೈಲ್ ಅಂತ ಹೆಸರು ಬಂದಿದ್ದು ಅಲ್ಲಿಂದ.

ಎರಡು ಥರದ ಪ್ರೊಫೈಲ್ ಗೊಂದಲ ಮಾಡ್ಕೋಬಾರದು. ಒಂದು ಫೋಟೋದ್ದು. ಎಸ್‌ಆರ್‌ಜಿಬಿ, 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ್ದು, ಸಾಮಾನ್ಯ ಫೋಟೋಗಳೆಲ್ಲಾ ಇದರಲ್ಲೇ ಇರತ್ತೆ. ಅಡೋಬ್ ಆರ್‌ಜಿಬಿ 1998ರದ್ದು, ಹಸಿರು ಮತ್ತು ಹಸಿರುನೀಲಿ ಕಡೆ ಹೆಚ್ಚು ಬಣ್ಣ ಹಿಡಿಯತ್ತೆ, ಒಳ್ಳೇ ಪ್ರಿಂಟರ್ ಆ ಬಣ್ಣಗಳಲ್ಲಿ ಕೆಲವನ್ನ ನಿಜವಾಗ್ಲೂ ಹಾಳೆ ಮೇಲೆ ತರತ್ತೆ. ಐಫೋನ್ ಫೋಟೋಗಳು ಡಿಸ್ಪ್ಲೇ ಪಿ3ಲಿ ಇರ್ತವೆ. ಯಾವುದೇ ಇರ್ಲಿ, ಸೇವ್ ಮಾಡೋವಾಗ ಪ್ರೊಫೈಲನ್ನ ಫೈಲ್ ಜೊತೆ ಸೇರಿಸೋ ಟಿಕ್ ತೆಗೀಬೇಡಿ. ಬದಲಾಯಿಸ್ಬೇಕು ಅಂದ್ರೆ ಕನ್ವರ್ಟ್ ಅನ್ನೋದನ್ನ ಒತ್ತಿ, ಅಸೈನ್ ಅನ್ನೋದನ್ನಲ್ಲ. ಕನ್ವರ್ಟಲ್ಲಿ ಸಂಖ್ಯೆ ಬದಲಾಗಿ ಬಣ್ಣ ಉಳಿಯತ್ತೆ, ಅಸೈನಲ್ಲಿ ಸಂಖ್ಯೆ ಹಾಗೇ ಇದ್ದು ಬಣ್ಣ ಬದಲಾಗತ್ತೆ.

ಇನ್ನೊಂದು ಪ್ರಿಂಟರಿನ ಪ್ರೊಫೈಲ್. ಇದು ಒಂದು ಪ್ರಿಂಟರ್ ಮಾಡೆಲು, ಅದರ ಇಂಕು, ಒಂದು ಪೇಪರು, ಒಂದು ಮೀಡಿಯಾ ಟೈಪು, ಈ ನಾಲ್ಕೂ ಸೇರಿದಾಗ ಮಾತ್ರ ಸತ್ಯ. ಒಂದು ಬದಲಾದ್ರೂ ಅದು ಬೇರೆ ಯಾರದೋ ಅಳತೆಗೆ ಹೊಲಿದ ಅಂಗಿ. ಬೇರೆ ಕಂಪನಿ ಇಂಕ್ ತುಂಬಿಸಿ ಆಮೇಲೆ ಪ್ರಿಂಟರ್ ಕಂಪನಿ ಕೊಟ್ಟ ಪ್ರೊಫೈಲ್ ಹಾಕಿ ಯಾಕೆ ಹೊಂದ್ತಿಲ್ಲ ಅಂತ ತಲೆ ಕೆಡಿಸ್ಕೊಳ್ಳೋರು ತುಂಬ ಜನ, ಹೊಂದೋ ಸಾಧ್ಯತೇನೇ ಕಮ್ಮಿ.

5. ಪ್ರೊಫೈಲ್ ತರೋದು, ಹಾಕೋದು

ಪ್ರಿಂಟರ್ ಕಂಪನಿ ಪೇಪರಿನ ಪ್ರೊಫೈಲ್ ಡ್ರೈವರ್ ಜೊತೇನೇ ಬಂದಿರತ್ತೆ, ಆದ್ರೆ ಕಂಪ್ಯೂಟರ್ ತಾನೇ ಹಾಕ್ಕೊಳ್ಳೋ ಸಾಮಾನ್ಯ ಡ್ರೈವರಲ್ಲಿ ಸಾಮಾನ್ಯವಾಗಿ ಇರಲ್ಲ, ಕಂಪನಿಯ ಪೂರ್ತಿ ಡ್ರೈವರನ್ನೇ ಹಾಕ್ಕೊಳ್ಳಿ. ಬೇರೆ ಪೇಪರ್ ಕಂಪನಿಯಾದ್ರೆ ಅವರ ಸೈಟಲ್ಲಿ ನಿಮ್ಮ ಪ್ರಿಂಟರ್ ಮಾಡೆಲ್ ಮತ್ತು ಪೇಪರ್ ಹೆಸರು ಆರಿಸಿದ್ರೆ ಫೈಲ್ ಸಿಗತ್ತೆ. ವಿಂಡೋಸಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಪ್ರೊಫೈಲ್ ಒತ್ತಿ. ಮ್ಯಾಕಲ್ಲಿ ಲೈಬ್ರರಿ ಒಳಗೆ ಕಲರ್‌ಸಿಂಕ್, ಅದರೊಳಗೆ ಪ್ರೊಫೈಲ್ಸ್ ಫೋಲ್ಡರ್, ಅಲ್ಲಿಗೆ ಕಾಪಿ ಮಾಡಿ. ಸಾಫ್ಟ್‌ವೇರ್ ಮುಚ್ಚಿ ತೆಗೆದ್ರೆ ಪಟ್ಟೀಲಿ ಬರತ್ತೆ. ಇದನ್ನ ಮಾನಿಟರ್ ಪ್ರೊಫೈಲ್ ಜಾಗದಲ್ಲಿ ಮಾತ್ರ ಹಾಕ್ಬೇಡಿ, ಸ್ಕ್ರೀನ್ ಬಣ್ಣಾನೇ ಕೆಟ್ಟುಹೋಗತ್ತೆ.

ನಾಲ್ಕು ಬಣ್ಣದ ಸಣ್ಣ ಪ್ರಿಂಟರುಗಳಿಗೆ ಪ್ರೊಫೈಲ್ ಸಿಗದೇ ಇರ್ಬಹುದು, ಬೇಜಾರು ಬೇಡ, ಮುಂದೆ ಹೇಳೋ ಎರಡನೇ ದಾರಿ ಇದೆ.

6. ಯಜಮಾನ ಒಬ್ಬನೇ ಇರ್ಬೇಕು

ಅಜ್ಜಿ ಫೋಟೋ ಕೆಟ್ಟಿದ್ದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನ ಓದಿ.

ಮೊದಲ ದಾರಿ, ಪ್ರೊಫೈಲ್ ಇದ್ದಾಗ. ಫೋಟೋಶಾಪಿನ ಪ್ರಿಂಟ್ ಕಿಟಕೀಲಿ ಕಲರ್ ಹ್ಯಾಂಡ್ಲಿಂಗ್ ಅಂತ ಇರತ್ತೆ, ಅಲ್ಲಿ ಫೋಟೋಶಾಪ್ ಮ್ಯಾನೇಜಸ್ ಕಲರ್ಸ್ ಆರಿಸಿ, ಕೆಳಗೆ ಪ್ರಿಂಟರ್ ಪ್ರೊಫೈಲಲ್ಲಿ ನಿಮ್ಮ ಪೇಪರ್ ಹೆಸರಿರೋದನ್ನ ಆರಿಸಿ. ಲೈಟ್‌ರೂಮ್ ಕ್ಲಾಸಿಕಲ್ಲಿ ಪ್ರಿಂಟ್ ಮಾಡ್ಯೂಲಿನ ಬಲಗಡೆ ಕೊನೇಲಿ ಕಲರ್ ಮ್ಯಾನೇಜ್‌ಮೆಂಟ್ ಕೆಳಗೆ ಇದೇ ಪಟ್ಟಿ ಸಿಗತ್ತೆ. ಅರ್ಧ ಕೆಲಸ ಆಯ್ತು, ಉಳಿದರ್ಧ ಡ್ರೈವರಲ್ಲಿದೆ, ಜನ ಮರೆಯೋದು ಇದನ್ನೇ. ಅಲ್ಲೇ ಪ್ರಿಂಟ್ ಸೆಟ್ಟಿಂಗ್ಸ್ ಬಟನ್ ಒತ್ತಿ ಡ್ರೈವರ್ ಒಳಗೆ ಹೋಗಿ ಬಣ್ಣ ತಿದ್ದೋದನ್ನ ಪೂರ್ತಿ ಆಫ್ ಮಾಡ್ಬೇಕು. ಎಪ್ಸನಲ್ಲಿ ನೋ ಕಲರ್ ಅಡ್ಜಸ್ಟ್‌ಮೆಂಟ್ ಅಂತಿರತ್ತೆ, ಕೆನಾನಲ್ಲಿ ಕಲರ್ ಇಂಟೆನ್ಸಿಟಿಯನ್ನ ಮ್ಯಾನ್ಯುಯಲ್ ಮಾಡಿ ಮ್ಯಾಚಿಂಗ್ ಟ್ಯಾಬಲ್ಲಿ None ಕೊಡ್ಬೇಕು, ಎಚ್‌ಪಿಲಿ ಅಪ್ಲಿಕೇಶನ್ ಮ್ಯಾನೇಜ್ಡ್ ಕಲರ್ಸ್ ಅಂತ. ಮ್ಯಾಕಲ್ಲಿ ಸಾಮಾನ್ಯವಾಗಿ ಸಾಫ್ಟ್‌ವೇರ್ ಯಜಮಾನ ಆದ ತಕ್ಷಣ ಡ್ರೈವರಿನ ಕಲರ್ ಮ್ಯಾಚಿಂಗ್ ತಾನಾಗೇ ಮಂಕಾಗಿ ಒತ್ತೋಕೆ ಬರಲ್ಲ. ಅದೇ ಕಿಟಕೀಲಿ ಮೀಡಿಯಾ ಟೈಪ್ ಕೂಡ ಪ್ರೊಫೈಲಿಗೆ ತಕ್ಕಂಥದ್ದೇ ಇದ್ಯಾ ಅಂತ ಮತ್ತೊಂದ್ಸಲ ನೋಡಿ, ಪ್ರೊಫೈಲ್ ಲಸ್ಟರಿಂದು ಮೀಡಿಯಾ ಟೈಪ್ ಮ್ಯಾಟಿಂದು ಆದ್ರೆ ಎಲ್ಲಾ ವ್ಯರ್ಥ.

ಎರಡನೇ ದಾರಿ, ಪ್ರೊಫೈಲ್ ಇಲ್ದೇ ಇದ್ದಾಗ. ಫೋಟೋನ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, ಪ್ರಿಂಟರ್ ಮ್ಯಾನೇಜಸ್ ಕಲರ್ಸ್ ಆರಿಸಿ, ಡ್ರೈವರಲ್ಲಿ ಬಣ್ಣ ತಿದ್ದೋದು ಆನ್ ಇರ್ಲಿ, ಮೀಡಿಯಾ ಟೈಪ್ ಸರಿಯಾಗಿ ಕೊಡಿ. ಪ್ರಿಂಟರ್ ಕಂಪನೀದೇ ಇಂಕು, ಅದೇ ಕಂಪನಿ ಪೇಪರು ಆದ್ರೆ ಈ ದಾರೀಲಿ ಬರೋ ಫಲಿತಾಂಶ ತುಂಬಾನೇ ಚೆನ್ನಾಗಿರತ್ತೆ. ಶುರು ಮಾಡೋರು ಮೊದಲು ಇದನ್ನೇ ಮಾಡಿ ಅಂತ ನಾನು ಹೇಳೋದು.

ಇನ್ನೊಂದು ವಿಷ್ಯ, ಇಂಕ್ ನಾಲ್ಕು ಬಣ್ಣ ಇದೆ ಅಂತ ಫೋಟೋನ ಸಿಎಂವೈಕೆಗೆ (ಆ ನಾಲ್ಕು ಇಂಕಿನ ಲೆಕ್ಕಕ್ಕೆ) ಬದಲಾಯಿಸ್ಬೇಡಿ. ಮನೆ ಪ್ರಿಂಟರಿನ ಡ್ರೈವರ್ ಕೇಳೋದು ಆರ್‌ಜಿಬಿನೇ (ಕೆಂಪು, ಹಸಿರು, ನೀಲಿ ಸಂಖ್ಯೆಗಳು), ಇಂಕಿಗೆ ಹಂಚೋದನ್ನ ಅದೇ ನೋಡ್ಕೊಳ್ಳತ್ತೆ.

7. ರೆಂಡರಿಂಗ್ ಇಂಟೆಂಟ್

ಪ್ರಿಂಟರ್ ತರೋಕಾಗದ ಬಣ್ಣ ಫೋಟೋದಲ್ಲಿ ಇದ್ರೆ ಏನ್ ಮಾಡ್ಬೇಕು ಅನ್ನೋ ಸೂಚನೆ ಇದು. ರಿಲೇಟಿವ್ ಕಲರಿಮೆಟ್ರಿಕಲ್ಲಿ ತರೋಕಾಗೋ ಬಣ್ಣ ಹಾಗೇ ಉಳಿದು ಆಗದೇ ಇರೋವು ಮಾತ್ರ ಹತ್ತಿರದ ಅಂಚಿಗೆ ಬಂದು ನಿಲ್ತವೆ. ಪರ್ಸೆಪ್ಚುಯಲಲ್ಲಿ ಎಲ್ಲಾ ಬಣ್ಣಾನೂ ಸ್ವಲ್ಪ ಸ್ವಲ್ಪ ಒಳಗೆ ಸರಿದು ಜಾಗ ಮಾಡ್ಕೊಡ್ತವೆ, ಹಾಗಾಗಿ ಕಡುಗೆಂಪು ಹೂವಿನ ಎಸಳಿನ ಒಳಗಿನ ಗೆರೆಗಳು ಉಳಿಯತ್ತೆ. ಮುಖಗಳಿಗೆ ರಿಲೇಟಿವ್, ಹೂವು ಸೂರ್ಯಾಸ್ತಕ್ಕೆ ಎರಡೂ ನೋಡಿ ಚೆನ್ನಾಗಿರೋದು. ರಿಲೇಟಿವ್ ಜೊತೆ ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್ ಟಿಕ್ ಮಾಡಿ, ಇಲ್ಲಾಂದ್ರೆ ನೆರಳೊಳಗಿನ ವಿವರ ಮುಳುಗಿಹೋಗತ್ತೆ.

8. ಮಾನಿಟರ್ ಬೆಳಕು ಇಳಿಸಿ, ಆಮೇಲೆ ಸಾಫ್ಟ್ ಪ್ರೂಫ್

ಪ್ರಿಂಟ್ ಕಪ್ಪಾಗಿ ಬಂತು ಅನ್ನೋ ದೂರು ಬಂದ್ರೆ ನಾನು ಮೊದಲು ಕೇಳೋದು ಮಾನಿಟರ್ ಬ್ರೈಟ್‌ನೆಸ್ ಎಷ್ಟಿದೆ ಅಂತ. ಪೇಪರ್ ತಾನಾಗಿ ಬೆಳಗಲ್ಲ, ರೂಮಿನ ಬೆಳಕನ್ನ ವಾಪಸ್ ಕೊಡತ್ತೆ ಅಷ್ಟೇ. ಪೂರ್ತಿ ಬ್ರೈಟ್‌ನೆಸಲ್ಲಿ ಕೂತು ಎಡಿಟ್ ಮಾಡಿದ್ರೆ ಫೋಟೋನ ಗೊತ್ತಿಲ್ದೇ ಕತ್ತಲೆ ಮಾಡಿರ್ತೀರ. ಅಳೆಯೋ ಸಾಧನ ಇದ್ರೆ 80ರಿಂದ 120 ಕ್ಯಾಂಡೆಲಾ ಪ್ರತಿ ಚದರ ಮೀಟರಿಗೆ, ಬಿಳುಪು ಡಿ65 (ಹಗಲ ಬೆಳಕಿನಂಥ ಬಿಳಿ), ಗಾಮಾ (ನಡುವಿನ ಬೆಳಕು ಎಷ್ಟು ಅನ್ನೋ ಅಳತೆ) 2.2 ಇಡಿ. ಸಾಧನ ಇಲ್ಲ ಅಂದ್ರೆ ಸ್ಕ್ರೀನಲ್ಲಿ ಪೂರ್ತಿ ಬಿಳಿ ತೆರೆದು ಪಕ್ಕದಲ್ಲಿ ನೀವು ಪ್ರಿಂಟ್ ನೋಡೋ ದೀಪದ ಕೆಳಗೆ ಖಾಲಿ ಫೋಟೋ ಹಾಳೆ ಹಿಡೀರಿ, ಎರಡರ ಬೆಳಕು ಹೆಚ್ಚುಕಮ್ಮಿ ಒಂದೇ ಅನ್ಸೋವರೆಗೆ ಬ್ರೈಟ್‌ನೆಸ್ ಇಳಿಸಿ. ನೈಟ್ ಲೈಟ್ ಥರದ್ದು ಆಫ್ ಇರ್ಬೇಕು.

ಸಾಫ್ಟ್ ಪ್ರೂಫ್ ಅಂದ್ರೆ ಹಾಳೆ ಖರ್ಚು ಮಾಡದೇ ಪ್ರಿಂಟ್ ಹೇಗೆ ಬರ್ಬಹುದು ಅಂತ ಸ್ಕ್ರೀನಲ್ಲೇ ನೋಡೋದು. ಫೋಟೋಶಾಪಲ್ಲಿ ವ್ಯೂ, ಪ್ರೂಫ್ ಸೆಟಪ್, ಕಸ್ಟಮ್ ಅಂತ ಹೋಗಿ ಪ್ರೊಫೈಲ್ ಮತ್ತು ಇಂಟೆಂಟ್ ಕೊಡಿ. ಲೈಟ್‌ರೂಮಿನ ಡೆವಲಪಲ್ಲಿ ಕೀಬೋರ್ಡಿನ ಎಸ್ ಒತ್ತಿದ್ರೆ ಸಾಕು. ಸಿಮ್ಯುಲೇಟ್ ಪೇಪರ್ ಕಲರ್ ಟಿಕ್ ಮಾಡಿದ ತಕ್ಷಣ ಫೋಟೋ ಜೀವ ಹೋದ ಹಾಗೆ ಮಂಕಾಗತ್ತೆ, ಗಾಬರಿ ಬೇಡ, ಟಿಕ್ ಮಾಡೋವಾಗ ಬೇರೆ ಕಡೆ ನೋಡಿ ಎರಡು ಕ್ಷಣ ಬಿಟ್ಟು ನೋಡಿ, ಕಣ್ಣು ಹೊಂದ್ಕೊಳ್ಳತ್ತೆ. ಆಮೇಲೆ ಕಾಂಟ್ರಾಸ್ಟೋ ನೆರಳೋ ಸ್ವಲ್ಪ ಎತ್ತಿ, ಆ ಬದಲಾವಣೇನ ಪ್ರಿಂಟಿಗೇ ಅಂತ ಬೇರೆ ಕಾಪೀಲಿ ಇಟ್ಕೊಳ್ಳಿ.

9. ಸೈಜು

ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಿಡೀರಿ. 4×6 ಇಂಚಿಗೆ 1200×1800 ಪಿಕ್ಸೆಲ್, ಎ4ಗೆ 2480×3508. ಸ್ವಲ್ಪ ಕಮ್ಮಿ ಇದ್ರೂ ಗೋಡೆ ಮೇಲಿನ ಫೋಟೋಗೆ ತೊಂದರೆ ಇಲ್ಲ. ಫೋನ್ ಫೋಟೋ 4:3, 4×6 ಹಾಳೆ 3:2, ಹಾಗಾಗಿ ತಲೆಯೋ ಕಾಲೋ ಕತ್ತರಿಸಿ ಹೋಗೋ ಮುಂಚೆ ನೀವೇ ಕ್ರಾಪ್ ಮಾಡಿ. ಬಾರ್ಡರ್‌ಲೆಸ್ ಕೊಟ್ರೆ ಪ್ರಿಂಟರ್ ಚಿತ್ರಾನ ಒಂಚೂರು ಹಿಗ್ಗಿಸಿ ಅಂಚು ಹಾಳೆಯಿಂದ ಹೊರಗೆ ಬಿಡತ್ತೆ, ಅಂಚಲ್ಲಿ ಮುಖ್ಯವಾದ್ದೇನೂ ಇರ್ಬಾರದು.

10. ಸಣ್ಣ ತುಂಡಲ್ಲಿ ಪರೀಕ್ಷೆ, ತಪ್ಪು ಹುಡುಕೋದು

ಎ4 ಹಾಕೋ ಮುಂಚೆ ಅದೇ ಪೇಪರಿನ 4×6 ಹಾಳೇಲಿ ಫೋಟೋದ ಮುಖ್ಯ ಭಾಗ, ಅಂದ್ರೆ ಮುಖ, ಅತಿ ಗಾಢ ನೆರಳು, ಅತಿ ಬಿಳಿ ಜಾಗ, ಇವಿಷ್ಟನ್ನ ಪ್ರಿಂಟ್ ಹಾಕಿ. ಪಕ್ಕದಲ್ಲಿ ಬರೀ ಬೂದು ಬಣ್ಣದ ಪಟ್ಟಿ ಒಂದು ಸೇರಿಸಿ, ಕೆಂಪು ಹಸಿರು ನೀಲಿ ಮೂರೂ ಸಮ ಇರೋದು. ಬಣ್ಣ ಯಾವ ಕಡೆ ವಾಲಿದೆ ಅಂತ ಬೂದು ಹೇಳೋ ಹಾಗೆ ಬೇರೆ ಯಾವ ಬಣ್ಣಾನೂ ಹೇಳಲ್ಲ, ಅಜ್ಜಿ ಕೂದಲು ನನಗೆ ಹೇಳಿದ್ದೂ ಅದನ್ನೇ.

ಬೂದು ಪಟ್ಟಿ ಗುಲಾಬಿ ಹೊಡೆದು ಒಟ್ಟಾರೆ ಕಪ್ಪಾಗಿದ್ರೆ ಇಬ್ಬರು ಯಜಮಾನರು ಇದಾರೆ, ಆರನೇ ಹಂತಕ್ಕೆ ವಾಪಸ್ ಹೋಗಿ. ಎಲ್ಲಾ ಮಂಕು, ತೊಳೆದ ಹಾಗಿದ್ರೆ ಯಜಮಾನನೇ ಇಲ್ಲ, ಅಥವಾ ಹಾಳೆ ತಲೆಕೆಳಗಾಗಿದೆ. ಇಂಕ್ ಮೇಲೇ ನಿಂತಿದ್ರೆ ಮೀಡಿಯಾ ಟೈಪು. ಸಮ ದೂರದಲ್ಲಿ ಅಡ್ಡ ಗೆರೆ ಬಂದಿದ್ರೆ ನಾಝಲ್ ಚೆಕ್, ಹೆಡ್ ಅಲೈನ್‌ಮೆಂಟ್. ಬಣ್ಣ ಸರಿಯಿದ್ದು ಬರೀ ಕಪ್ಪಾಗಿದ್ರೆ ಮಾನಿಟರ್. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಾಯಿಸಿ, ಏನು ಬದಲಾಯಿಸಿದ್ರಿ ಅಂತ ಹಾಳೆ ಹಿಂದೆ ಪೆನ್ಸಿಲಲ್ಲಿ ಬರೀರಿ, ಪೇಪರ್ ಹೆಸರು, ಮೀಡಿಯಾ ಟೈಪು, ಪ್ರೊಫೈಲು, ಇಂಟೆಂಟು.

ನೋಡೋ ಬೆಳಕೂ ಮುಖ್ಯ. ಹಳದಿ ಬಲ್ಬಿನ ಕೆಳಗೆ ನೋಡಿ ಪ್ರಿಂಟ್ ಹಳದಿ ಅನ್ಬೇಡಿ, ಹಗಲಲ್ಲಿ ಕಿಟಕಿ ಹತ್ರ ನೋಡಿ, ನೇರ ಬಿಸಿಲಲ್ಲಿ ಬೇಡ. ಕೆಲವು ಪೇಪರಲ್ಲಿ ಬಿಳಿ ಎದ್ದು ಕಾಣ್ಲಿ ಅಂತ ಆಪ್ಟಿಕಲ್ ಬ್ರೈಟ್‌ನರ್ ಸೇರಿಸಿರ್ತಾರೆ, ಹಗಲ ಬೆಳಕಿನ ಅತಿನೇರಳೆ ಕಿರಣಕ್ಕೆ ಅದು ನೀಲಿಬಿಳಿಯಾಗಿ ಹೊಳೆಯತ್ತೆ, ವರ್ಷಗಳು ಕಳೆದ ಹಾಗೆ ಆ ಹೊಳಪು ಇಳಿದು ಹಾಳೆ ಹಳದಿಯಾಗತ್ತೆ. ಬಹಳ ಕಾಲ ಇಡೋ ಫೋಟೋಗೆ ಬ್ರೈಟ್‌ನರ್ ಇಲ್ಲದ ಪೇಪರೇ ಹಾಕಿ.

11. ಒಣಗಿಸೋದು

ಹೊರಗೆ ಬಂದ ಹಾಳೆ ಮುಟ್ಟೋಕೆ ಒಣಗಿದ ಹಾಗೇ ಇರತ್ತೆ, ಆದ್ರೆ ಒಳಗಿನ ದ್ರಾವಕ ಪೂರ್ತಿ ಹೋಗಿರಲ್ಲ, ಬಣ್ಣಾನೂ ಒಣಗ್ತಾ ಸ್ವಲ್ಪ ಬದಲಾಗತ್ತೆ, ಅದಕ್ಕೇ ಹಸಿ ಪ್ರಿಂಟ್ ನೋಡಿ ತೀರ್ಪು ಕೊಡ್ಬೇಡಿ. ಹದಿನೈದು ನಿಮಿಷ ತೆರೆದ ಗಾಳೀಲಿ ಬಿಟ್ಟು, ಆಮೇಲೆ ಮೇಲೆ ಸಾದಾ ಹಾಳೆ ಮುಚ್ಚಿ ಒಂದು ದಿನ ಇಡಿ. ಸಾದಾ ಹಾಳೆ ಉಬ್ಬಿ ಸುಕ್ಕಾಗಿದ್ರೆ ಅದು ಹೀರಿಕೊಂಡ ದ್ರಾವಕ, ಅದನ್ನ ತೆಗೆದು ಹೊಸದು ಹಾಕಿ. ನಾನು ಒಂದ್ಸಲ ಅವತ್ತೇ ಫ್ರೇಮ್ ಹಾಕಿಬಿಟ್ಟೆ, ಕೆಲವು ವಾರದಲ್ಲಿ ಗಾಜಿನ ಒಳಬದಿ ಮಂಜು ಕಟ್ಟಿ ಮುಖಾನೇ ಮಸುಕಾಯ್ತು, ಬಿಚ್ಚಿ ಗಾಜು ಒರೆಸಿ ಮತ್ತೆ ಹಾಕ್ಬೇಕಾಯ್ತು. ಈಗ 24 ಗಂಟೆ ಕಾಯ್ತೀನಿ, ಗಾಜಿಗೂ ಫೋಟೋಗೂ ನಡುವೆ ಮೌಂಟ್ ಬೋರ್ಡ್ ಇಟ್ಟು ಸ್ವಲ್ಪ ಜಾಗ ಬಿಡ್ತೀನಿ, ಅಜ್ಜಿ ಫೋಟೋ ಹಾಗೇ ನಿಂತಿದೆ, ಕೂದಲು ಬೆಳ್ಳಿ ಬಣ್ಣದಲ್ಲೇ ಇದೆ.